ನನ್ನ ಕಾದಂಬರಿಯ ಹದಿಮೂರರ ಹುಡುಗಿ ಅಜ್ಜಿ ಥರ ಮಾತಾಡ್ತಾಳೆ, ಏನು ಮಾಡಲಿ?

ಪ್ರಶ್ನೆ: ನಮಸ್ಕಾರ ಮೇಡಂ. ಮೊದಲ ಸಲ ಕಾದಂಬರಿ ಬರೆಯುತ್ತಿದ್ದೇನೆ. ನಾಯಕಿಗೆ 13 ವರ್ಷ. ಮೂರನೇ ಅಧ್ಯಾಯದಲ್ಲಿ ಅವಳ ಅಪ್ಪ ಪಾರ್ಶ್ವವಾಯು ಹೊಡೆದು ಹಾಸಿಗೆ ಹಿಡಿಯುತ್ತಾರೆ. ಅಮ್ಮ ಎರಡು ಕಡೆ ಕೆಲಸಕ್ಕೆ ಹೋಗಲು ಶುರು ಮಾಡುತ್ತಾಳೆ. ಇಬ್ಬರು ತಮ್ಮಂದಿರು, ಅಡುಗೆ, ಅಪ್ಪನ ಆರೈಕೆ, ಎಲ್ಲ ಹುಡುಗಿಯ ತಲೆ ಮೇಲೆ ಬೀಳುತ್ತದೆ. ಕಷ್ಟ ಅವಳನ್ನು ಹೇಗೆ ಗಟ್ಟಿ ಮಾಡಿತು ಅನ್ನೋದೇ ಕಥೆ. ಏಳು ಅಧ್ಯಾಯ ಆಗಿದೆ. ಓದಿದ ಗೆಳತಿ "ಇವಳು ಅಜ್ಜಿ ಥರ ಮಾತಾಡ್ತಾಳೆ ಕಣೇ" ಅಂದಳು. ಅಣ್ಣ "ತುಂಬಾ ಒಳ್ಳೆಯವಳು, ಬೋರ್ ಆಯ್ತು" ಅಂದ. ಕಷ್ಟ ಸಾಲಲಿಲ್ಲವೇನೋ ಅಂತ ಸಾಲ ಕೊಟ್ಟವರು ಬಾಗಿಲಿಗೆ ಬರುವ ಹಾಗೆ ಬರೆದೆ, ಆಮೇಲೆ ಮನೆಗೆ ಬೆಂಕಿಯೂ ಬಿತ್ತು, ಆದರೂ ಏನೂ ಸರಿಹೋಗಲಿಲ್ಲ. ಅಪ್ಪನನ್ನು ಸಾಯಿಸಬೇಕಾ? ಹುಡುಗಿ ಒಂದು ಹಂತದಲ್ಲಿ ಕುಸಿದು ಬೀಳಬೇಕಾ? ಇಲ್ಲಾ ಹತ್ತು ವರ್ಷ ಹಾರಿಸಿ, ಅವಳು ದೊಡ್ಡವಳಾದ ಮೇಲೆ ಕಥೆ ಮುಂದುವರಿಸಲಾ? ಎಷ್ಟು ಕಷ್ಟ ಕೊಟ್ಟರೆ ಪಾತ್ರ ನಿಜವಾಗಿ ಬದಲಾಗುತ್ತದೆ? ಏಳನೇ ಅಧ್ಯಾಯದ ಒಂದು ಪುಟ ಜೊತೆಗೆ ಕಳಿಸಿದ್ದೇನೆ.

ಉತ್ತರ: ಪುಟ ಓದಿದೆ. ಗೆಳತಿ ಹೇಳಿದ್ದು ಒಂದು ದೂರು, ಅಣ್ಣ ಹೇಳಿದ್ದು ಇನ್ನೊಂದು ಅಂತ ನೀವು ಅಂದುಕೊಂಡಿದ್ದೀರಿ. ನನಗೆ ಎರಡೂ ಒಂದೇ ಅನಿಸುತ್ತದೆ. ಅಪ್ಪ ಬೀಳುವ ತನಕ ಕಥೆಯಲ್ಲಿ ಒಂದು ಮಗು ಇತ್ತು. ಬಿದ್ದ ಮರುದಿನದಿಂದ ಆ ಮಗುವಿನ ಬಟ್ಟೆ ಹಾಕಿಕೊಂಡು ಒಬ್ಬ ದೊಡ್ಡ ಹೆಂಗಸು ಓಡಾಡುತ್ತಿದ್ದಾಳೆ. ಮಗು ಎಲ್ಲಿ ಹೋಯಿತು ಅಂತ ಓದುಗರಿಗೆ ಗೊತ್ತಾಗುತ್ತಿಲ್ಲ. ಒಬ್ಬರು ಅದಕ್ಕೆ ಅಜ್ಜಿ ಅಂದರು, ಇನ್ನೊಬ್ಬರು ಬೋರ್ ಅಂದರು, ಅಷ್ಟೇ.

ಕಷ್ಟ ಕಡಿಮೆಯಾಗಿದ್ದರಿಂದ ಹೀಗಾಗಿದ್ದಲ್ಲ. ಹಸ್ತಪ್ರತಿ ತಿದ್ದುವ ಕೆಲಸದಲ್ಲಿ ಇದನ್ನು ಪದೇ ಪದೇ ನೋಡುತ್ತೇನೆ. ಪಾತ್ರ ಬದಲಾದ ಹಾಗೆ ಅನಿಸದಿದ್ದಾಗ ಬರೆಯುವವರು ಇನ್ನೊಂದು ಆಪತ್ತು ತರುತ್ತಾರೆ, ಅದೂ ಸಾಲದಿದ್ದರೆ ಮತ್ತೊಂದು. ಕಾಯಿಲೆ, ಸಾಲ, ಬೆಂಕಿ. ಮೂರನೆಯದು ಬರುವಷ್ಟರಲ್ಲಿ ಓದುಗರು ಹುಡುಗಿಗಾಗಿ ಮರುಗುವುದನ್ನು ಬಿಟ್ಟು, ಮುಂದೆ ಲೇಖಕಿ ಏನು ತರುತ್ತಾಳೋ ಅಂತ ಕಾಯಲು ಶುರು ಮಾಡಿರುತ್ತಾರೆ. ಬೆಂಕಿಯನ್ನು ಮೊದಲು ತೆಗೆಯಿರಿ. ಸಾಲ ಕೊಟ್ಟವರು ಇರಲಿ, ಅವರಿಂದ ಉಪಯೋಗ ಇದೆ, ಹೇಳುತ್ತೇನೆ.

ಕಷ್ಟ ಮನುಷ್ಯರನ್ನು ಗಟ್ಟಿ ಮಾಡುತ್ತದೆ ಅನ್ನುವ ಮಾತಿಗೆ ಬರೋಣ, ಯಾಕಂದರೆ ನಿಮ್ಮ ಇಡೀ ಕಾದಂಬರಿ ಅದರ ಮೇಲೆ ನಿಂತಿದೆ. ಆ ಮಾತು ಪೂರ್ತಿ ಸುಳ್ಳಲ್ಲ, ಆದರೆ ಅರ್ಧಕ್ಕಿಂತ ಕಡಿಮೆ ನಿಜ. ಹವಾಯಿಯ ಕವಾಯ್ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಎಂಬ ಮನಶ್ಶಾಸ್ತ್ರಜ್ಞೆ ಮತ್ತು ಅವರ ಜೊತೆಗಾರರು ದಶಕಗಳ ಕಾಲ ಬೆನ್ನು ಹತ್ತಿ ನೋಡಿದರು. ಬಡತನ, ಹೆರಿಗೆ ಹೊತ್ತಿನ ತೊಂದರೆ, ಮನೆಯಲ್ಲಿ ಜಗಳ, ಹೆತ್ತವರ ಕುಡಿತ ಅಥವಾ ಮಾನಸಿಕ ಕಾಯಿಲೆ, ಇಂಥ ಹಲವು ಒಟ್ಟಿಗೆ ಬಿದ್ದ ಮಕ್ಕಳಲ್ಲಿ ಮೂರರಲ್ಲಿ ಎರಡು ಪಾಲು ಮಕ್ಕಳಿಗೆ ಹತ್ತನೇ ವಯಸ್ಸಿಗೋ ಹದಿನೆಂಟಕ್ಕೋ ಓದು, ನಡವಳಿಕೆ ಅಥವಾ ಮನಸ್ಸಿನ ತೊಂದರೆ ಕಾಣಿಸಿಕೊಂಡಿತು. ಒಂದು ಪಾಲು ಮಾತ್ರ ಚೆನ್ನಾಗಿ ಬೆಳೆದರು. ಕಷ್ಟವೇ ಗಟ್ಟಿ ಮಾಡುವುದಾಗಿದ್ದರೆ ಲೆಕ್ಕ ತಿರುಗಾಮುರುಗಾ ಆಗಬೇಕಿತ್ತು, ಅಲ್ವಾ?

ಆ ಒಂದು ಪಾಲಿನ ಮಕ್ಕಳ ಬಗ್ಗೆ ವರ್ನರ್ ಗಮನಿಸಿದ ಎರಡು ಸಂಗತಿ ನಿಮ್ಮಂಥವರಿಗೆ ಬೇಕಾದದ್ದು. ಒಂದು, ಅವರಿಗೆ ಹತ್ತಿರದಲ್ಲಿ ನೆಚ್ಚಿಕೊಳ್ಳಬಹುದಾದ ಒಬ್ಬರಾದರೂ ದೊಡ್ಡವರು ಇದ್ದರು. ಹೆತ್ತವರೇ ಆಗಬೇಕಿಲ್ಲ, ಅಜ್ಜಿಯೋ ಶಿಕ್ಷಕಿಯೋ ಪಕ್ಕದ ಮನೆಯವರೋ ಆದರೂ ಸಾಕಿತ್ತು. ಎರಡು, ಅವರಲ್ಲಿ ಹಲವರಿಗೆ ಮನೆಯಲ್ಲಿ ನಿಜವಾದ ಕೆಲಸ ಇತ್ತು. ತಮ್ಮ ತಂಗಿಯರನ್ನು ನೋಡಿಕೊಳ್ಳುವುದು, ಮನೆ ನಡೆಸಲು ಕೈ ಜೋಡಿಸುವುದು. ಅಂದರೆ ಜವಾಬ್ದಾರಿಯೇ ಕೆಟ್ಟದ್ದು ಅಂತೇನಿಲ್ಲ. ಇನ್ನೊಂದು ವಿಷಯ: ಹದಿನೆಂಟಕ್ಕೆ ದಾರಿ ತಪ್ಪಿದವರಲ್ಲೂ ಬಹಳಷ್ಟು ಜನ ನಡುವಯಸ್ಸಿನ ಹೊತ್ತಿಗೆ ಚೇತರಿಸಿಕೊಂಡಿದ್ದರು. ಹದಿಮೂರಕ್ಕೆ ಆದದ್ದೇ ಕೊನೆಯ ಮಾತಲ್ಲ. ಕಾದಂಬರಿಕಾರರು ಇದನ್ನು ಬೇಗ ಮರೆತುಬಿಡುತ್ತಾರೆ.

ನಿಮ್ಮ ಪತ್ರದಲ್ಲೂ ಪುಟದಲ್ಲೂ ಆ ಹೊರಗಿನ ದೊಡ್ಡವರು ಯಾರೂ ಕಾಣಲಿಲ್ಲ. ಹುಡುಗಿಯ ಕಷ್ಟ ಎದ್ದು ಕಾಣಲಿ ಅಂತ ಸುತ್ತ ಇದ್ದವರನ್ನೆಲ್ಲ ಖಾಲಿ ಮಾಡಿದ್ದೀರಿ. ಹಾಗೆ ಮಾಡಿದರೆ ಅವಳು ಯಾವುದರಿಂದ ಗಟ್ಟಿಯಾದಳು ಅಂತ ತೋರಿಸಲು ನಿಮ್ಮ ಹತ್ತಿರವೇ ಏನೂ ಉಳಿಯುವುದಿಲ್ಲ. ಆಗ "ಅವಳಿಗೆ ಅರ್ಥವಾಯಿತು" ಅಂತ ಬರೆಯಬೇಕಾಗುತ್ತದೆ.

ಈಗ ಜವಾಬ್ದಾರಿ. ಇದರಲ್ಲಿ ಎರಡು ಬಗೆ ಇದೆ, ನೀವು ಒಂದನ್ನು ಮಾತ್ರ ಬರೆದಿದ್ದೀರಿ. ಮೊದಲನೆಯದು ಕೈಯ ಕೆಲಸ. ಅಡುಗೆ, ಬಟ್ಟೆ, ತಮ್ಮಂದಿರನ್ನು ಶಾಲೆಗೆ ಬಿಡುವುದು, ಅಪ್ಪನಿಗೆ ಮಗ್ಗುಲು ಬದಲಿಸುವುದು. ಎರಡನೆಯದು ಮನಸ್ಸಿನ ಕೆಲಸ. ಅಮ್ಮ ರಾತ್ರಿ ಬಂದು ಹಣದ ಚಿಂತೆಯನ್ನು ಮಗಳ ಹತ್ತಿರ ತೋಡಿಕೊಳ್ಳುತ್ತಾಳೆ, ಮಗಳು ಕೇಳಿಸಿಕೊಳ್ಳಬೇಕು. ಅಪ್ಪ ಅತ್ತರೆ ಸಮಾಧಾನ ಮಾಡಬೇಕು. ಅಪ್ಪ ಅಮ್ಮನ ನಡುವೆ ಮಾತು ನಿಂತರೆ ಇವಳೇ ಸುದ್ದಿ ಮುಟ್ಟಿಸಬೇಕು. ಮಕ್ಕಳು ಹೆತ್ತವರ ಜಾಗದಲ್ಲಿ ನಿಲ್ಲುವುದರ ಬಗ್ಗೆ ಕೆಲಸ ಮಾಡಿದವರು ಸಾಮಾನ್ಯವಾಗಿ ಹೇಳುವುದು, ಎರಡನೆಯ ಬಗೆಯೇ ಒಳಗೊಳಗೆ ಜಾಸ್ತಿ ಸವೆಸುತ್ತದೆ ಅಂತ. ಅಡುಗೆ ಮಾಡಿ ಮುಗಿಸಬಹುದು. ಅಮ್ಮನ ಚಿಂತೆ ಮುಗಿಯುವುದಿಲ್ಲ, ಅದು ಸರಿಯಾಗಿ ಮಾಡಿದ್ದೀನಾ ಇಲ್ವಾ ಅಂತಲೂ ತಿಳಿಯುವುದಿಲ್ಲ.

ಪಾರ್ಶ್ವವಾಯುವನ್ನೇ ಆರಿಸಿಕೊಂಡಿದ್ದೀರಲ್ಲ, ಅದು ನಿಮಗೆ ಇಲ್ಲಿ ತುಂಬಾ ಕೊಡುತ್ತದೆ, ನೀವು ತೆಗೆದುಕೊಂಡಿಲ್ಲ. ಮೆದುಳಿನ ಎಡಭಾಗಕ್ಕೆ ಹೊಡೆದರೆ ಬಲಗೈ ಬಲಗಾಲು ಹೋಗುವುದರ ಜೊತೆಗೆ ಎಷ್ಟೋ ಸಲ ಮಾತೂ ಹೋಗುತ್ತದೆ. ಹೇಳಬೇಕಾದ್ದು ತಲೆಯಲ್ಲಿದೆ, ಬಾಯಿಗೆ ಬೇರೆ ಪದ ಬರುತ್ತದೆ. ಕೆಲವರಿಗೆ ಕಾರಣವೇ ಇಲ್ಲದೆ ಅಳು ಉಕ್ಕಿ ಬರುತ್ತದೆ, ಅಥವಾ ನಗು, ತಡೆಯಲು ಆಗುವುದಿಲ್ಲ. ಇದು ದುಃಖ ಅಲ್ಲ, ಮೆದುಳಿಗಾದ ಪೆಟ್ಟು ಅಂತ ವೈದ್ಯರಿಗೆ ಗೊತ್ತು. ಹದಿಮೂರರ ಹುಡುಗಿಗೆ ಗೊತ್ತಿಲ್ಲ. ಅವಳು ಊಟ ಮಾಡಿಸುವಾಗ ಅಪ್ಪ ಅಳುತ್ತಾರೆ. ನಾನು ಏನೋ ತಪ್ಪು ಮಾಡಿದೆ ಅಂತ ಅವಳು ಅಂದುಕೊಳ್ಳುತ್ತಾಳೆ. ಮರುದಿನ ಚಮಚ ಇನ್ನೂ ನಿಧಾನ ಹಿಡಿಯುತ್ತಾಳೆ, ಅಪ್ಪ ಮತ್ತೆ ಅಳುತ್ತಾರೆ. ಬೆಂಕಿ ಬೀಳಿಸಿದ್ದಕ್ಕಿಂತ ಇದು ಎಷ್ಟೋ ಹೆಚ್ಚು ಕೆಲಸ ಮಾಡುತ್ತದೆ, ಮತ್ತು ಇದರಲ್ಲಿ ಯಾರ ತಪ್ಪೂ ಇಲ್ಲ.

ಅಧಿಕಾರದ ಪ್ರಶ್ನೆಯೂ ಇದೆ. ಕುಟುಂಬ ಚಿಕಿತ್ಸೆಯಲ್ಲಿ ದೊಡ್ಡ ಹೆಸರಾದ ಸಾಲ್ವಡಾರ್ ಮಿನುಚಿನ್ 1970ರ ದಶಕದಲ್ಲಿ ಬರೆದದ್ದು ನನಗೆ ಕಥೆ ತಿದ್ದುವಾಗ ಎಷ್ಟೋ ಸಲ ಉಪಯೋಗಕ್ಕೆ ಬಂದಿದೆ. ದೊಡ್ಡ ಮಗುವಿಗೆ ಹೆತ್ತವರು ಕೆಲಸವನ್ನು ಸ್ಪಷ್ಟವಾಗಿ ಹೇಳಿ ವಹಿಸಿದರೆ, ಮೇಲ್ವಿಚಾರಣೆ ತಮ್ಮ ಕೈಯಲ್ಲೇ ಇಟ್ಟುಕೊಂಡರೆ, ಮನೆ ಚೆನ್ನಾಗಿಯೇ ನಡೆಯಬಹುದು, ಮಗುವೂ ಅದರಿಂದ ಕಲಿಯುತ್ತದೆ. ಏನೂ ಹೇಳದೆ ಹೆತ್ತವರು ಹಿಂದೆ ಸರಿದು, ಮಗು ತಾನಾಗಿ ಆ ಜಾಗ ತುಂಬಿದಾಗ ತೊಂದರೆ ಶುರು. ಆಗ ಭಾರ ಪೂರ್ತಿ ಅದರದ್ದು, ಮಾತು ನಡೆಯುವುದು ಮಾತ್ರ ಇಲ್ಲ. ತಮ್ಮ "ನೀನ್ಯಾರು ಹೇಳೋಕೆ, ನೀನೇನು ಅಮ್ಮನಾ?" ಅಂತ ಕೇಳುತ್ತಾನಲ್ಲ, ಆ ಪ್ರಶ್ನೆಗೆ ಅವಳ ಹತ್ತಿರ ಉತ್ತರ ಇರುವುದಿಲ್ಲ. ನಿಮ್ಮ ಕಾದಂಬರಿಯಲ್ಲಿ ತಮ್ಮಂದಿರು ಅಕ್ಕ ಹೇಳಿದ್ದೆಲ್ಲ ಕೇಳುತ್ತಾರೆ. ಯಾವ ಮನೆಯಲ್ಲಿ ಕೇಳುತ್ತಾರೆ, ಹೇಳಿ!

ಇನ್ನು ನೀವು ಕಳಿಸಿದ ಪುಟ. ಅದರ ಮೂರು ವಾಕ್ಯ ಇಲ್ಲಿ ಹಾಕುತ್ತೇನೆ: "ಆ ರಾತ್ರಿ ಅವಳು ಒಮ್ಮೆಲೇ ದೊಡ್ಡವಳಾದಳು. ಬದುಕು ಎಂದರೆ ಹೋರಾಟ, ಅದನ್ನು ನಗುತ್ತಲೇ ಎದುರಿಸಬೇಕು ಎಂದು ಅವಳಿಗೆ ಅರ್ಥವಾಯಿತು. 'ಅಮ್ಮಾ, ಚಿಂತಿಸಬೇಡ, ಈ ಮನೆಯ ಭಾರ ಇನ್ನು ನನ್ನದು' ಎಂದಳು."

ಒಮ್ಮೆಲೇ ಯಾರೂ ದೊಡ್ಡವರಾಗುವುದಿಲ್ಲ. ಬೆಳೆದರೂ ಎಲ್ಲ ಕಡೆ ಒಂದೇ ಸಮ ಬೆಳೆಯುವುದಿಲ್ಲ. ನಾನು ನಿಮಗೆ ಹೇಳಬೇಕಾದ ಮುಖ್ಯ ವಿಷಯ ಇದೇ. ಕಿಟಕಿಯ ಪಕ್ಕದ ಗಿಡ ಬೆಳಕು ಬರುವ ಕಡೆಗೆ ಮಾತ್ರ ಬಾಗಿ ಬೆಳೆಯುವ ಹಾಗೆ, ಜವಾಬ್ದಾರಿ ಬಿದ್ದ ಮಗು ಒಂದು ಕಡೆ ಇಪ್ಪತ್ತೈದರ ಹೆಂಗಸಾಗಿರುತ್ತದೆ, ಇನ್ನೊಂದು ಕಡೆ ಒಂಬತ್ತರಲ್ಲೇ ನಿಂತುಬಿಟ್ಟಿರುತ್ತದೆ. ಮುಂದಾಲೋಚನೆ ಮಾಡುವ, ದುಡುಕನ್ನು ಹಿಡಿದಿಡುವ ಮೆದುಳಿನ ಮುಂಭಾಗ ಪೂರ್ತಿ ಬಲಿಯುವುದೇ ಇಪ್ಪತ್ತೈದರ ಆಸುಪಾಸಿಗೆ. ಕಷ್ಟ ಬಂತು ಅಂತ ಅದು ಹದಿಮೂರಕ್ಕೇ ಬಲಿತು ಕೂರುವುದಿಲ್ಲ. ಇಡೀ ವಾರದ ಮನೆಖರ್ಚಿನ ಲೆಕ್ಕ ಹಾಕಿದ ಹುಡುಗಿಯೇ ಅದೇ ಸಂಜೆ ತಮ್ಮ ತನ್ನ ಬಣ್ಣದ ಪೆನ್ಸಿಲ್ ಮುರಿದ ಅಂತ ಗೋಡೆಗೆ ತಲೆ ಚಚ್ಚಿಕೊಂಡು ಅಳಬಹುದು. ಎರಡೂ ನಿಜ. ಎರಡನ್ನೂ ಒಂದೇ ಪುಟದಲ್ಲಿ ಇಟ್ಟಾಗ ಮಾತ್ರ ಓದುಗರಿಗೆ ಹುಡುಗಿ ಕಾಣುತ್ತಾಳೆ.

ಅದೇ ರಾತ್ರಿಯ ಮರುದಿನವನ್ನು ಹೀಗೆ ಬರೆಯಬಹುದು. ಹೀಗೇ ಬರೆಯಿರಿ ಅಂತಲ್ಲ, ಸುಮ್ನೆ ನೋಡಿ:

"ಹಾಳೆಯಲ್ಲಿ ನಾಲ್ಕು ಮಾತ್ರೆ ಉಳಿದಿದ್ದವು. ಇವತ್ತು ಗುರುವಾರ. ಬೆಳಗ್ಗೆ ಒಂದು, ರಾತ್ರಿ ಒಂದು, ನಾಳೆ ಎರಡು. ಅಮ್ಮನಿಗೆ ಸಂಬಳ ಸೋಮವಾರ. ಅವಳು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದು ನೋಡಿದಳು. ಅರ್ಧರ್ಧ ಮಾಡಿದರೆ ಎಂಟು. ಭಾನುವಾರ ರಾತ್ರಿಯ ತನಕ ಸರಿಯಾಗಿ ಬರುತ್ತದೆ. ಚಾಕು ತಂದು ಮೊದಲನೆಯದನ್ನು ಒತ್ತಿದಳು. ಒಂದು ಚೂರು ಸಿಡಿದು ಒಲೆಯ ಕೆಳಗೆ ಹೋಯಿತು. ಮಂಡಿಯೂರಿ, ಕೆನ್ನೆ ನೆಲಕ್ಕೆ ಒತ್ತಿ, ಕೈ ಹಾಕಿ ತಡಕಿದಳು. ಸಿಗಲಿಲ್ಲ. 'ಅಕ್ಕ ಏನೋ ತಿಂತಾ ಇದ್ದಾಳೆ, ನಂಗೆ ಕೊಡ್ತಿಲ್ಲ' ಅಂತ ಚಿಕ್ಕವನು ಕೂಗಿದ. ಅವಳು ಎದ್ದು ಹೋಗಿ ಅವನ ಬೆನ್ನಿಗೆ ಹೊಡೆದಳು. ಆಮೇಲೆ ಉಳಿದ ಅರ್ಧವನ್ನು ಅಪ್ಪನ ನಾಲಿಗೆ ಮೇಲಿಟ್ಟು, ನೀರು ಕುಡಿಸಿ, ಎಂದಿನ ಹಾಗೆ ಬಾಯಿ ಒರೆಸಿದಳು."

ಇಲ್ಲಿ ಅವಳು ದೊಡ್ಡವಳಾದಳು ಅಂತ ಯಾರೂ ಹೇಳಲಿಲ್ಲ. ಆದರೆ ಒಬ್ಬ ವೈದ್ಯರು ಮಾತ್ರ ತೆಗೆದುಕೊಳ್ಳಬೇಕಾದ ತೀರ್ಮಾನವನ್ನು ಅವಳು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ತೆಗೆದುಕೊಂಡಳು. ಲೆಕ್ಕ ಸರಿ, ತೀರ್ಮಾನ ಅಪಾಯ. ಜಾಣತನ ದೊಡ್ಡವರದ್ದು, ಅರಿವು ಮಗುವಿನದ್ದು. ಇನ್ನು ಮುಂದೆ ಅಪ್ಪನಿಗೆ ಏನೇ ಆದರೂ, ಏನೂ ಆಗದಿದ್ದರೂ, ಆ ಅರ್ಧ ಮಾತ್ರೆ ಅವಳಿಗೆ ಮಾತ್ರ ಗೊತ್ತು. ನನಗಂತೂ ಏನೂ ಆಗದಿರುವುದೇ ಇಷ್ಟ. ಅಪ್ಪ ಸತ್ತರೆ ತಪ್ಪಿತಸ್ಥ ಭಾವಕ್ಕೆ ಒಂದು ಕಾರಣ ಸಿಕ್ಕಿಬಿಡುತ್ತದೆ, ಓದುಗರು ಅವಳನ್ನು ಕ್ಷಮಿಸಿ ಮುಂದೆ ಹೋಗುತ್ತಾರೆ. ಏನೂ ಆಗದಿದ್ದರೆ ಅವಳು ಅದನ್ನು ಯಾರಿಗೂ ಹೇಳದೆ ಹೊತ್ತುಕೊಂಡೇ ಇರಬೇಕು, ಮತ್ತು ಮುಂದಿನ ಸಲ ಸುಳ್ಳು ಹೇಳುವುದು ಅವಳಿಗೆ ಸ್ವಲ್ಪ ಸುಲಭವಾಗಿರುತ್ತದೆ.

ಸಾಲ ಕೊಟ್ಟವರನ್ನು ಇಟ್ಟುಕೊಳ್ಳಿ ಅಂದೆನಲ್ಲ, ಅದು ಇದಕ್ಕೇ. ಅವರು ಬಾಗಿಲಿಗೆ ಬಂದು ಗದರಿಸಿದರೆ ಅದು ಬರೀ ಕಷ್ಟ, ಅವಳು ಸುಮ್ಮನೆ ನಿಂತು ಅನುಭವಿಸುತ್ತಾಳೆ. ಅದರ ಬದಲು ಅವಳಿಗೆ ಕೆಲಸ ಕೊಡಿ. ಅಮ್ಮ ಒಳಗೇ ಇದ್ದಾಳೆ, ಇವಳು ಹೊರಗೆ ಬಂದು "ಅಮ್ಮ ಇಲ್ಲ" ಅಂತ ಕಣ್ಣು ಮಿಟುಕಿಸದೆ ಹೇಳುತ್ತಾಳೆ. ಅಮ್ಮ ಹೇಳಿಕೊಟ್ಟಿರಲಿಲ್ಲ, ತಾನಾಗೇ ಹೇಳಿದಳು. ಒಳಗೆ ಬಂದಾಗ ಅಮ್ಮನ ಮುಖದಲ್ಲಿ ನೆಮ್ಮದಿ ಇರುತ್ತದೆ, ಅದರ ಜೊತೆಗೇ ಒಂದು ಚೂರು ಹೆದರಿಕೆಯೂ. ಹುಡುಗಿಗೆ ಆ ಹೊತ್ತಿಗೆ ಹೆಮ್ಮೆ ಆಗಲಿ. ಆ ಹೆಮ್ಮೆಯನ್ನು ಮುಚ್ಚಿಡಬೇಡಿ. ನಿಮ್ಮ ಅಣ್ಣನಿಗೆ ಬೋರ್ ಆಗಿದ್ದು ಯಾಕಂದರೆ ನಿಮ್ಮ ಹುಡುಗಿಗೆ ಈ ಜವಾಬ್ದಾರಿಯಿಂದ ನೋವು ಬಿಟ್ಟು ಬೇರೆ ಏನೂ ಸಿಗುತ್ತಿಲ್ಲ. ನಿಜದಲ್ಲಿ ಸಿಗುತ್ತದೆ. ಮನೆಯಲ್ಲಿ ಮಾತಿಗೆ ತೂಕ ಬರುತ್ತದೆ. ತಮ್ಮಂದಿರ ಮೇಲೆ ದರ್ಪ ತೋರಿಸಬಹುದು. ತನ್ನ ಓರಗೆಯ ಹುಡುಗಿಯರು ಜಡೆಗೆ ಕಟ್ಟುವ ರಿಬ್ಬನ್ ಬಗ್ಗೆ ಮಾತಾಡುವಾಗ ಅವರನ್ನು ಕಂಡರೆ ತಾತ್ಸಾರ ಬರುತ್ತದೆ, ಅದರ ಅಡಿಯಲ್ಲಿ ಹೊಟ್ಟೆಕಿಚ್ಚೂ ಇರುತ್ತದೆ. ತಾನು ಏನೇನು ಬಿಟ್ಟುಕೊಟ್ಟೆ ಅಂತ ಒಳಗೇ ಒಂದು ಲೆಕ್ಕ ಇಟ್ಟಿರುತ್ತಾಳೆ, ಜಗಳದಲ್ಲಿ ಅದನ್ನು ಹೊರಗೆ ತೆಗೆಯುತ್ತಾಳೆ. ಇಷ್ಟು ಬಂದರೆ ಅವಳು ಒಳ್ಳೆಯವಳಾಗಿದ್ದರೂ ಬೋರ್ ಆಗುವುದಿಲ್ಲ.

ಮಾತಿನ ತೊಂದರೆ ಇದರಿಂದ ಅರ್ಧ ತಾನೇ ಹೋಗುತ್ತದೆ. ಉಳಿದರ್ಧ ನಿರೂಪಣೆಯದ್ದು. "ಬದುಕು ಎಂದರೆ ಹೋರಾಟ" ಅನ್ನೋದು ನಿಮ್ಮ ತೀರ್ಮಾನ, ಅವಳದ್ದಲ್ಲ. ಕಷ್ಟದ ಒಳಗಿರುವ ಮಗುವಿಗೆ ಅದು ಕಷ್ಟ ಅಂತ ಗೊತ್ತಿರುವುದು ಕಡಿಮೆ. ಅದಕ್ಕೆ ಅದು ಇವತ್ತಿನ ದಿನ, ಅಷ್ಟೇ. ಅವಳ ಬಾಯಲ್ಲಿ ಬರುವುದು ಹೊತ್ತು, ಸಾಮಾನು, ಯಾರ ಸರದಿ, ಯಾರು ಎಷ್ಟು ತಿಂದರು, ಇಂಥವೇ. ನಿಮಗೆ ದೊಡ್ಡ ಮಾತು ಬೇಕೇ ಬೇಕು ಅಂದರೆ ದೊಡ್ಡವಳಾದ ಅದೇ ಹುಡುಗಿ ಹಿಂತಿರುಗಿ ನೋಡಿ ಹೇಳುವ ಹಾಗೆ "ನಾನು" ಅಂತ ಬರೆಯಿರಿ. ಅದರಲ್ಲಿ ಒಂದು ಅಪಾಯ ಇದೆ. ಅವಳು ಹೇಗೋ ಪಾರಾದಳು ಅಂತ ಮೊದಲ ಸಾಲಿನಲ್ಲೇ ಓದುಗರಿಗೆ ಗೊತ್ತಾಗುತ್ತದೆ. ಇನ್ನೊಂದು, ದೊಡ್ಡವಳಾದ ನಿರೂಪಕಿ ತನ್ನ ಬಾಲ್ಯವನ್ನು ಚಂದ ಮಾಡಿ ಹೇಳಬಹುದು. ಆಘಾತದ ನಂತರ ಜನ ಬೆಳೆಯುತ್ತಾರೆ ಅನ್ನುವುದನ್ನು ಅಳೆಯಲು ಟೆಡೆಸ್ಕಿ ಮತ್ತು ಕಲ್ಹೂನ್ ಎಂಬ ಇಬ್ಬರು 1996ರಲ್ಲಿ 21 ಪ್ರಶ್ನೆಗಳ ಒಂದು ಪಟ್ಟಿ ತಂದರು. ಅದಕ್ಕೆ ಇವತ್ತಿಗೂ ಇರುವ ದೊಡ್ಡ ಆಕ್ಷೇಪ ಏನಂದರೆ, ನಾನು ಬೆಳೆದೆ ಅಂತ ಜನ ತಾವೇ ಹೇಳಿಕೊಳ್ಳುವುದಕ್ಕೂ ಅವರು ನಿಜವಾಗಿ ಬದಲಾಗಿರುವುದಕ್ಕೂ ತಾಳೆ ಆಗಲೇಬೇಕು ಅಂತಿಲ್ಲ. ಸಂಶೋಧಕರಿಗೆ ಇದು ತಲೆನೋವು. ಕಥೆ ಬರೆಯುವವರಿಗೆ ಚಿನ್ನ. ನಿರೂಪಕಿ "ಆ ದಿನಗಳೇ ನನ್ನನ್ನು ರೂಪಿಸಿದವು" ಅನ್ನಲಿ, ಮುಂದಿನ ದೃಶ್ಯದಲ್ಲಿ ಅವಳು ಮಾಡುವುದು ಅದನ್ನು ಒಪ್ಪದಿರಲಿ.

ಗಾಯ ಎಲ್ಲಿರುತ್ತದೆ ಅನ್ನುವುದಕ್ಕೆ ಚಾರ್ಲ್ಸ್ ಡಿಕನ್ಸ್ ಬದುಕಿನ ಒಂದು ಸಂಗತಿ ಹೇಳುತ್ತೇನೆ. 1824ರಲ್ಲಿ ಅವರಿಗೆ 12 ವರ್ಷ. ಅಪ್ಪ ಸಾಲ ತೀರಿಸಲಾಗದೆ ಲಂಡನ್ನಿನ ಮಾರ್ಷಲ್ಸೀ ಜೈಲು ಸೇರಿದರು. ಅದೇ ಹೊತ್ತಿಗೆ ಹುಡುಗನನ್ನು ಶೂ ಪಾಲಿಶ್ ತಯಾರಿಸುವ ಕಾರ್ಖಾನೆಗೆ ಹಾಕಿದ್ದರು, ಡಬ್ಬಿಗಳಿಗೆ ಕಾಗದ ಕಟ್ಟಿ ಚೀಟಿ ಅಂಟಿಸುವ ಕೆಲಸ. ಆಮೇಲೆ ಅಪ್ಪ ಜೈಲಿನಿಂದ ಹೊರಗೆ ಬಂದರು, ಹುಡುಗನನ್ನು ಕೆಲಸ ಬಿಡಿಸಿದರು. ಆದರೆ ಅಮ್ಮ ಅವನನ್ನು ವಾಪಸ್ ಕಳಿಸಬೇಕು ಅಂದಳು. ಡಿಕನ್ಸ್ ಇದನ್ನು ಮುಚ್ಚಿಟ್ಟರು. ಲೋಕಕ್ಕೆ ಗೊತ್ತಾಗಿದ್ದು 1870ರಲ್ಲಿ ಅವರು ತೀರಿಕೊಂಡ ಮೇಲೆ, ಗೆಳೆಯ ಜಾನ್ ಫಾರ್ಸ್ಟರ್ ಬರೆದ ಜೀವನಚರಿತ್ರೆಯಲ್ಲಿ. ಅಲ್ಲಿ ಉಲ್ಲೇಖವಾದ ಡಿಕನ್ಸರ ಸ್ವಂತ ಬರಹದಲ್ಲಿ, ವಾಪಸ್ ಕಳಿಸಲು ಅಮ್ಮ ಉತ್ಸುಕಳಾಗಿದ್ದನ್ನು ತಾನು ಎಂದೂ ಮರೆಯಲಾರೆ ಅನ್ನುವ ಮಾತಿದೆ. ನನಗೆ ಇನ್ನೂ ಕುತೂಹಲದ್ದು ಅನಿಸುವುದು ಮುಂದಿನದು. 1849-50ರಲ್ಲಿ ಅವರು ಈ ಅನುಭವವನ್ನು "ಡೇವಿಡ್ ಕಾಪರ್‌ಫೀಲ್ಡ್" ಕಾದಂಬರಿಯಲ್ಲಿ ತಂದಾಗ, ಹುಡುಗನನ್ನು ಕೆಲಸಕ್ಕೆ ದೂಡುವುದು ಮಲತಂದೆ. ಅಮ್ಮ ಅಷ್ಟರಲ್ಲಿ ಸತ್ತಿರುತ್ತಾಳೆ. ಅಷ್ಟು ದೊಡ್ಡ ಬರಹಗಾರರಿಗೂ ಆ ಜಾಗಕ್ಕೆ ನೇರವಾಗಿ ಕೈ ಹಾಕಲು ಆಗಲಿಲ್ಲವೇನೋ ಅಂತ ನನ್ನ ಊಹೆ. ಕೆಲಸದ ನೋವು ಒಂದು ಕಡೆ ಇರಲಿ, ಇದು ಪರವಾಗಿಲ್ಲ ಅಂತ ಯಾರು ಅಂದುಕೊಂಡರು ಅನ್ನೋದು ಅದಕ್ಕಿಂತ ಆಳಕ್ಕೆ ಇಳಿದಿತ್ತು. ನಿಮ್ಮ ಕಥೆಯಲ್ಲಿ ಆ "ಪರವಾಗಿಲ್ಲ" ಯಾರದ್ದು? ಅಮ್ಮನನ್ನು ದೇವತೆ ಮಾಡಿದ್ದೀರಿ, ಹಾಗಾಗಿ ಹುಡುಗಿಗೆ ಕೋಪ ಮಾಡಿಕೊಳ್ಳಲು ಯಾರೂ ಉಳಿದಿಲ್ಲ.

ಇನ್ನು ನೀವು ಕೇಳಿದ ದಾರಿಗಳು. ಅಪ್ಪನನ್ನು ಸಾಯಿಸಬಹುದು, ಆದರೆ ಸತ್ತ ಕೂಡಲೇ ಕಾದಂಬರಿ ಬೇರೆಯದಾಗುತ್ತದೆ. ದಿನಾ ಸ್ವಲ್ಪ ಸ್ವಲ್ಪ ಒತ್ತುವ ಜವಾಬ್ದಾರಿ ಹೋಗಿ ಆ ಜಾಗಕ್ಕೆ ಶೋಕ ಬರುತ್ತದೆ. ಶೋಕಕ್ಕೆ ಓದುಗರು ಪುಕ್ಕಟೆ ಕಣ್ಣೀರು ಕೊಡುತ್ತಾರೆ, ಅದರಲ್ಲಿ ಪಾತ್ರ ಬದಲಾಯಿತೋ ಇಲ್ಲವೋ ಯಾರೂ ನೋಡುವುದಿಲ್ಲ. ಸಾಯಿಸಲೇಬೇಕು ಅಂದರೆ ಕೊನೆಗೆ ಇಡಬೇಡಿ, ನಡುವೆ ಇಡಿ, ಮತ್ತು ಸಾವಿನ ಮರುದಿನ ಬೆಳಗ್ಗೆ ಅವಳಿಗೆ ಒಂದು ಕ್ಷಣ ಹಗುರ ಅನಿಸಲಿ. ಅದನ್ನು ಬರೆಯುವ ಧೈರ್ಯ ಇಲ್ಲದಿದ್ದರೆ ಅಪ್ಪ ಬದುಕಿರಲಿ.

ಕುಸಿದು ಬೀಳಿಸುವುದು ಸುಲಭ, ಹಾಗಾಗಿ ಜನ ಬೇಗ ಅಲ್ಲಿಗೆ ಹೋಗುತ್ತಾರೆ. ಹುಡುಗಿ ಓಡಿಹೋಗುತ್ತಾಳೆ, ಇಲ್ಲಾ ಪ್ರಜ್ಞೆ ತಪ್ಪಿ ಬೀಳುತ್ತಾಳೆ, ಆಗ ದೊಡ್ಡವರಿಗೆಲ್ಲ ಕಣ್ಣು ತೆರೆಯುತ್ತದೆ. ಓದುಗರು ಇದನ್ನು ಎರಡು ಅಧ್ಯಾಯ ಮೊದಲೇ ಊಹಿಸಿರುತ್ತಾರೆ. ಅವಳು ಕೆಡುವುದಾದರೆ ತನ್ನ ಜಾಣತನದಿಂದಲೇ ಕೆಡಲಿ. ಅಮ್ಮನ ಸಹಿ ಹಾಕಲು ಕಲಿತವಳು ಮೊದಲು ತಮ್ಮನ ಶಾಲೆಯ ಚೀಟಿಗೆ ಹಾಕುತ್ತಾಳೆ, ಆಮೇಲೆ ತನ್ನ ಕಡಿಮೆ ಅಂಕಕ್ಕೆ, ಆಮೇಲೆ ಇನ್ನೂ ದೊಡ್ಡದಕ್ಕೆ. ಮೂರೂ ಸಲ ಅವಳ ಕೈ ನಡುಗುವುದಿಲ್ಲ.

ಹತ್ತು ವರ್ಷ ಹಾರಿಸುವುದರಲ್ಲಿ ಲಾಭವೂ ಇದೆ ನಷ್ಟವೂ ಇದೆ. ಬದಲಾವಣೆ ನಡೆಯುವ ಹೊತ್ತನ್ನೇ ಹಾರಿಸಿಬಿಟ್ಟರೆ ನೀವು ಬರೆಯಲು ಹೊರಟಿದ್ದೇ ಬಿಟ್ಟುಹೋಗುತ್ತದೆ, ಅದು ನಷ್ಟ. ಆದರೆ ಬೆಲೆ ಕಾಣುವುದು ತಡವಾಗಿ, ಅದನ್ನು ಹದಿಮೂರರಲ್ಲಿ ತೋರಿಸಲು ಆಗುವುದಿಲ್ಲ. ಇಪ್ಪತ್ತಮೂರರಲ್ಲಿ ಅವಳಿಗೆ ಸುಮ್ಮನೆ ಕೂರಲು ಬರುವುದಿಲ್ಲ. ಯಾರಾದರೂ ಸಹಾಯ ಮಾಡಲು ಬಂದರೆ ಸಿಡುಕುತ್ತಾಳೆ. ಬೆಳೆದ ತಮ್ಮ "ನನ್ನನ್ನು ನೋಡಿಕೊಳ್ಳೋದು ನಿಲ್ಲಿಸು" ಅಂದಾಗ ಅವಳಿಗೆ ಅವಮಾನ ಆಗುತ್ತದೆ. ಹಾರಿಸುವುದಾದರೆ ಕೊನೆಯ ಒಂದು ಭಾಗಕ್ಕೆ ಮಾತ್ರ ಹಾರಿಸಿ.

ನೀವು ಕೇಳದ ನಾಲ್ಕನೇ ದಾರಿಯೇ ನನಗೆ ಎಲ್ಲಕ್ಕಿಂತ ಇಷ್ಟ. ಅಪ್ಪ ಸುಧಾರಿಸಲಿ. ಪಾರ್ಶ್ವವಾಯುವಿನಲ್ಲಿ ಚೇತರಿಕೆ ಮೊದಲ ಕೆಲವು ತಿಂಗಳಲ್ಲೇ ಜೋರು, ಆಮೇಲೆ ನಿಧಾನ, ಎಷ್ಟೋ ಸಲ ಅರ್ಧಕ್ಕೇ ನಿಲ್ಲುತ್ತದೆ. ಅಪ್ಪ ಕೋಲು ಹಿಡಿದು ನಡೆಯಲು ಶುರು ಮಾಡಲಿ, ಮಾತು ಸ್ವಲ್ಪ ತಿರುಗಲಿ. ಅಮ್ಮ ಒಂದು ಕೆಲಸ ಬಿಡಲಿ. ಆಗ ಒಂದು ಸಂಜೆ ಅಮ್ಮ "ಇನ್ನು ಇದೆಲ್ಲ ನಾನು ನೋಡ್ಕೋತೀನಿ, ನೀನು ಓದ್ಕೋ ಹೋಗು" ಅನ್ನುತ್ತಾಳೆ. ಎಲ್ಲರೂ ಕಾಯುತ್ತಿದ್ದ ಮಾತು. ಹುಡುಗಿಗೆ ಮಾತ್ರ ಅದು ಕೆಲಸದಿಂದ ತೆಗೆದುಹಾಕಿದ ಹಾಗೆ ಕೇಳಿಸುತ್ತದೆ. ಅಡುಗೆಮನೆಯಲ್ಲಿ ಡಬ್ಬಿಗಳ ಜಾಗ ಅಮ್ಮ ಬದಲಿಸಿದ್ದಕ್ಕೆ ಜಗಳ ಆಗಲಿ. ಅಪ್ಪ ತೊದಲುತ್ತಾ ಏನನ್ನೋ "ಬೇಡ" ಅಂದಾಗ ಅವಳು ಕೇಳದೇ ಹೋಗಲಿ, ಯಾಕಂದರೆ ಇಷ್ಟು ದಿನ ಅಪ್ಪನ ಬೇಕು ಬೇಡ ತೀರ್ಮಾನ ಮಾಡಿದ್ದು ಇವಳೇ. ಅಪ್ಪನಿಗೆ ಮಗಳ ಮುಂದೆ ಇರುವ ನಾಚಿಕೆಯನ್ನೂ ಬರೆಯಿರಿ. ತನಗೆ ಬಟ್ಟೆ ಬದಲಿಸಿದ ಮಗಳನ್ನು ಗದರಿಸಲು ಅವರಿಗೆ ಬಾಯಿ ಬರುವುದಿಲ್ಲ. ಕಷ್ಟ ಅವಳನ್ನು ಏನು ಮಾಡಿದೆ ಅನ್ನುವುದು ಕಷ್ಟ ಕಡಿಮೆಯಾದಾಗ ತುಂಬಾ ಚೆನ್ನಾಗಿ ಕಾಣುತ್ತದೆ. ಇದರ ಅಪಾಯ ಏನಂದರೆ, ಅವಸರ ಮಾಡಿದರೆ ಸುಖಾಂತ್ಯದ ಹಾಗೆ ಕಂಡುಬಿಡುತ್ತದೆ. ಕಡಿಮೆ ಅಂದರೂ ಮೂರು ಅಧ್ಯಾಯ ಕೊಡಿ ಇದಕ್ಕೆ.

ಎಷ್ಟು ಕಷ್ಟ ಕೊಡಬೇಕು ಅನ್ನುವುದಕ್ಕೆ ಅಳತೆ ಇಲ್ಲ. ನಾನು ತಿದ್ದುವಾಗ ನೋಡುವುದು ಒಂದೇ, ಪ್ರತಿ ಹೊಸ ಕಷ್ಟ ಅವಳಿಂದ ಬೇರೆ ಏನನ್ನಾದರೂ ಕಿತ್ತುಕೊಂಡಿತಾ? ಕಾಯಿಲೆ ಅವಳ ಹೊತ್ತನ್ನು ತೆಗೆದುಕೊಂಡಿತು, ಸಾಲ ಅವಳ ಸತ್ಯವನ್ನು. ಬೆಂಕಿ? ಅದು ಮನೆಯನ್ನು ಸುಟ್ಟಿತು, ಅವಳಿಂದ ಏನೂ ತೆಗೆದುಕೊಳ್ಳಲಿಲ್ಲ. ಅದಕ್ಕೇ ಬೇಡ ಅಂದೆ.

ಏಳು ಅಧ್ಯಾಯವನ್ನು ಎಸೆಯಬೇಕಿಲ್ಲ. ಒಂದು ಪೆನ್ಸಿಲ್ ತೆಗೆದುಕೊಂಡು "ಅರ್ಥವಾಯಿತು", "ಅರಿವಾಯಿತು", "ದೊಡ್ಡವಳಾದಳು", "ಗಟ್ಟಿಯಾದಳು" ಅಂತ ಬಂದಲ್ಲೆಲ್ಲ ಗೆರೆ ಎಳೆಯಿರಿ. ಅವುಗಳನ್ನು ತೆಗೆದರೂ ದೃಶ್ಯ ನಿಂತರೆ ಸರಿ, ಬಿದ್ದುಹೋದರೆ ಅಲ್ಲಿ ಅವಳಿಗೆ ಮಾಡಲು ಕೆಲಸ ಇರಲಿಲ್ಲ ಅಂತ ಅರ್ಥ. ಆಮೇಲೆ ಅವಳು ಮೊದಲ ಸಲ ದೊಡ್ಡವರನ್ನು ಕೇಳದೆ ತೀರ್ಮಾನ ತೆಗೆದುಕೊಂಡದ್ದು ಎಲ್ಲಿ ಅಂತ ಹುಡುಕಿ. ಇಲ್ಲದಿದ್ದರೆ ನಾಲ್ಕನೇ ಅಧ್ಯಾಯದಲ್ಲಿ ಒಂದನ್ನು ಬರೆಯಿರಿ. ಇಬ್ಬರು ತಮ್ಮಂದಿರೂ ಈಗ ಒಂದೇ ಥರ ಇದ್ದಾರೆ, ಬೇರೆ ಮಾಡಿ. ದೊಡ್ಡ ತಮ್ಮನಿಗೆ ಹನ್ನೊಂದು ವರ್ಷ ಇರಲಿ, ಅಕ್ಕ ಮಾಡಿದ್ದನ್ನು ಅವನು ಬಾಗಿಲ ಸಂದಿಯಿಂದ ನೋಡಿರಲಿ, ಆದರೆ ಯಾರಿಗೂ ಹೇಳದಿರಲಿ. ಮುಂದೆ ಅಕ್ಕ ತನ್ನ ತ್ಯಾಗದ ಲೆಕ್ಕ ಓದುವಾಗ ಅವನ ಹತ್ತಿರವೂ ಒಂದು ಲೆಕ್ಕ ಇರುತ್ತದೆ. ನಾಲ್ಕನೇ ಅಧ್ಯಾಯ ತಿದ್ದಿದ ಮೇಲೆ ಬೇಕಾದರೆ ಕಳಿಸಿ. ಒಂದು ಪುಟ ಬೇಡ, ಪೂರ್ತಿ ಕಳಿಸಿ.